ಊರಿನ ಹೆಸರು ಹೊತ್ತ ನಾಗರತ್ನಮ್ಮನವರು

ಸಂಗೀತ ವಿದ್ವಾಂಸರನ್ನು ಊರಿನ ಹೆಸರಿನೊಡನೆ ಕರೆಯುವುದು ನಮ್ಮಲ್ಲಿ ಹಳೆಯ ವಾಡಿಕೆ. ಮೈಸೂರು ವಾಸುದೇವಾಚಾರ್ಯರು, ಬಿಡಾರಂ ಕೃಷ್ಣಪ್ಪನವರು, ವೀಣೆ ಶೇಷಣ್ಣನವರು ಎಂದು ಹೇಳುವಾಗ ಹೆಸರಿನ ಮುಂದೆ ಊರೋ ವಾದ್ಯವೋ ಮನೆತನವೋ ಯಾವುದಾದರೊಂದು ಬಂದು ನಿಲ್ಲುತ್ತದೆ. ಅದರಲ್ಲಿ ನಾವು ವಿಶೇಷವನ್ನು ಕಾಣುವುದಿಲ್ಲ. ಆದರೆ ಬೆಂಗಳೂರು ನಾಗರತ್ನಮ್ಮನವರ ಹೆಸರನ್ನು ಕೇಳಿದಾಗಲೆಲ್ಲ ಆ 'ಬೆಂಗಳೂರು' ಎಂಬ ಮಾತಿನ ಹತ್ತಿರ ನಾನು ಒಂದು ಕ್ಷಣ ತಡೆಯುತ್ತೇನೆ. ಅವರು ಹುಟ್ಟಿದ್ದು ನಂಜನಗೂಡಿನಲ್ಲಿ. ಎಳೆತನ ಕಳೆದದ್ದು ಮೈಸೂರಿನಲ್ಲಿ. ಹಣ ಕೀರ್ತಿಗಳನ್ನು ಸಂಪಾದಿಸಿದ್ದು ಮದರಾಸಿನಲ್ಲಿ. ಆ ಹಣವನ್ನು ಸುರಿದು, ಕಡೆಗೆ ಮಣ್ಣಾದದ್ದು ಕಾವೇರಿಯ ದಡದ ತಿರುವಯ್ಯಾರಿನಲ್ಲಿ. ಬೆಂಗಳೂರು ಇವುಗಳ ನಡುವೆ ಕೆಲವು ವರ್ಷಗಳ ತಂಗುದಾಣ ಮಾತ್ರ. ಹಾಗಿದ್ದೂ ಗ್ರಾಮಫೋನು ತಟ್ಟೆಗಳ ಮೇಲೆ, ಪುಸ್ತಕದ ಮುಖಪತ್ರದ ಮೇಲೆ, ಸಮಾಧಿಯ ಕಲ್ಲಿನ ಮೇಲೆ ಕೂಡ ಆ ಊರು ಅವರನ್ನು ಬಿಡಲಿಲ್ಲ.

ಅದಕ್ಕೆ ನನಗೆ ತೋರುವ ಕಾರಣ ಸರಳವಾದದ್ದು. ಗೃಹಸ್ಥರ ಮನೆಯ ಹೆಂಗಸಿಗೆ ಮದುವೆಗೆ ಮುಂಚೆ ತಂದೆಯ ಹೆಸರು, ಆಮೇಲೆ ಗಂಡನ ಹೆಸರು. ಇವರಿಗೆ ಎರಡೂ ಇರಲಿಲ್ಲ. ಇವರ ಕುಲದಲ್ಲಿ ತಾಯಿಯ ಹೆಸರನ್ನು ಮುಂದಿಟ್ಟುಕೊಳ್ಳುವ ಪದ್ಧತಿಯಿತ್ತು. ಆದರೆ ಹಾಗೆ ಇಟ್ಟುಕೊಂಡರೆ ಲೋಕ ಅಲ್ಲಿಗೇ ಅರ್ಥ ಮಾಡಿಕೊಂಡು ತುಟಿ ಕೊಂಕಿಸುತ್ತಿತ್ತು. ಊರಿನ ಹೆಸರಿಗೆ ಆ ತೊಡಕಿಲ್ಲ. ಊರು ಯಾರನ್ನೂ ನಿನ್ನ ತಂದೆ ಯಾರು ಎಂದು ಕೇಳುವುದಿಲ್ಲ.

ಹೆಂಗಸೊಬ್ಬಳನ್ನು ಕುರಿತು 'ತನ್ನ ಮನಸ್ಸು ಬಂದಂತೆ ನಡೆಯುವವಳು' ಎಂದರೆ ನಮ್ಮ ಮಾತಿನಲ್ಲಿ ಅದು ಹೊಗಳಿಕೆಯಲ್ಲ. ಗಂಡಸಿಗೆ ಅದೇ ಮಾತನ್ನು ಹೇಳಿದರೆ ಅವನೊಬ್ಬ ಸ್ವತಂತ್ರ ಪುರುಷ. ಹೆಂಗಸಿಗೆ ಹೇಳಿದರೆ ಮನೆಯವರು ತಲೆ ತಗ್ಗಿಸಬೇಕು. ಈ ಭಾಷೆಯೊಳಗೆ ಹುಟ್ಟಿ, ಇದರ ಚುಚ್ಚುಮಾತುಗಳನ್ನೆಲ್ಲ ಕೇಳಿಯೂ ಎಪ್ಪತ್ತಮೂರು ವರ್ಷ ತನ್ನ ಮನಸ್ಸು ಬಂದಂತೆ ಬದುಕಿದ ಒಬ್ಬಾಕೆ ಅದನ್ನು ಹೇಗೆ ಸಾಧಿಸಿದರು ಎಂಬುದು ಈ ಲೇಖನದಲ್ಲಿ ನನ್ನ ಪ್ರಶ್ನೆ. ಅವರ ಜೀವನಚರಿತ್ರೆಯನ್ನು ಪೂರ್ತಿಯಾಗಿ ಹೇಳುವ ಉದ್ದೇಶ ನನಗಿಲ್ಲ. ಅವರ ಸಂಗೀತವನ್ನು ತೂಗುವ ಯೋಗ್ಯತೆಯಂತೂ ನನಗೆ ಮೊದಲೇ ಇಲ್ಲ.

1878ರ ನವೆಂಬರ್ 3ರಂದು ಅವರು ಹುಟ್ಟಿದರು. ತಾಯಿ ಪುಟ್ಟಲಕ್ಷ್ಮಮ್ಮ, ದೇವದಾಸಿ ಕುಲದವರು. ತಂದೆ ಮೈಸೂರಿನ ವಕೀಲ ಸುಬ್ಬರಾಯರು. ತಾಯಿಮಗಳನ್ನು ಕೈಬಿಟ್ಟರೆಂಬುದನ್ನು ಹೊರತು ಈ ಕಥೆಯಲ್ಲಿ ಅವರ ಪಾತ್ರವಿಲ್ಲ. ದಿಕ್ಕಿಲ್ಲದ ತಾಯಿಗೆ ಆಸರೆಯಾದವರು ಮೈಸೂರಿನ ಸಂಸ್ಕೃತ ವಿದ್ವಾಂಸರಾದ ಗಿರಿಭಟ್ಟರ ತಮ್ಮಯ್ಯನವರು. ಮಗುವಿಗೆ ಸಂಸ್ಕೃತ, ಸಂಗೀತಗಳ ಮೊದಲ ಪಾಠ ಅಲ್ಲಿ ಆಯಿತು. ಆಶ್ರಯದಾತರ ಮನಸ್ಸು ಎಷ್ಟು ದಿನ ಒಂದೇ ಸಮನಾಗಿರುತ್ತದೆ? ಕೆಲವು ವರ್ಷಗಳಲ್ಲಿ ಅಲ್ಲಿಯ ಋಣವೂ ತೀರಿತು. ಮಗಳನ್ನು ಹೆಸರುವಾಸಿಯಾದ ವಿದುಷಿಯನ್ನಾಗಿ ಮಾಡಿದ ಮೇಲೆಯೇ ಮೈಸೂರಿಗೆ ಮತ್ತೆ ಕಾಲಿಡುತ್ತೇನೆಂದು ಪುಟ್ಟಲಕ್ಷ್ಮಮ್ಮ ಹಟತೊಟ್ಟು ಹೊರಟರೆಂದು ಹೇಳುತ್ತಾರೆ. ಹೀಗೆ ಬೆಂಗಳೂರು ಬಂತು.

ಬೆಂಗಳೂರಿನಲ್ಲಿ ಸಂಗೀತ ಕಲಿಸಿದವರು ಮುನಿಸ್ವಾಮಪ್ಪನವರು. ಅವರು ವಾಲಾಜಾಪೇಟೆ ಕೃಷ್ಣಸ್ವಾಮಿ ಭಾಗವತರ ಶಿಷ್ಯರು. ಆ ಭಾಗವತರ ತಂದೆ ವೆಂಕಟರಮಣ ಭಾಗವತರು ತ್ಯಾಗರಾಜರ ಪಾದದ ಬಳಿ ಕುಳಿತು ಕಲಿತವರು. ವಾಚಕರು ಈ ವಂಶಾವಳಿಯನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ತಂದೆಯ ಕಡೆಯ ವಂಶವೃಕ್ಷ ಇಲ್ಲದ ಹುಡುಗಿಗೆ ಗುರುವಿನ ಕಡೆಯಿಂದ ಒಂದು ವಂಶವೃಕ್ಷ ಸಿಕ್ಕಿತು. ಅದರಲ್ಲಿ ಅವಳು ತ್ಯಾಗರಾಜರಿಗೆ ಬಹಳ ದೂರದವಳೇನೂ ಅಲ್ಲ. ಮುಂದೆ ತಿರುವಯ್ಯಾರಿನಲ್ಲಿ ಅಷ್ಟು ದೊಡ್ಡ ವಿದ್ವಾಂಸರ ಮಧ್ಯೆ ಅವರು ಹಕ್ಕಿನ ಧ್ವನಿಯಲ್ಲಿ ಮಾತಾಡಿದ್ದು ಬರಿಯ ಹಣದ ಬಲದಿಂದಲ್ಲ.

ಹದಿಹರೆಯ ದಾಟುವ ಮೊದಲೇ ತಾಯಿ ಹೋದರು. ಕನ್ನಡ, ತೆಲುಗು, ಸಂಸ್ಕೃತ, ಸ್ವಲ್ಪ ಇಂಗ್ಲಿಷು, ಹಾಡು, ಕುಣಿತ, ಪಿಟೀಲು: ಕಲಿಸಬಹುದಾದದ್ದನ್ನೆಲ್ಲ ತಾಯಿ ಆ ವೇಳೆಗೆ ಕಲಿಸಿ ಮುಗಿಸಿದ್ದರು. ಅದೇ ವಯಸ್ಸಿನ ಗೃಹಸ್ಥರ ಮನೆಯ ಹುಡುಗಿಗೆ ಅಂದು ಏನು ಕಲಿಸುತ್ತಿದ್ದರೆಂಬುದನ್ನು ನಾವು ಇದರ ಪಕ್ಕದಲ್ಲಿಟ್ಟು ನೋಡಬೇಕು. ರಂಗೋಲಿ, ಹಸೆಯ ಹಾಡು, ಮಡಿಮೈಲಿಗೆಯ ನಿಯಮ. ಬಹಳವಾದರೆ ಕನ್ನಡದ ಅಕ್ಷರ. ಓದು ಬಂದ ಹೆಂಗಸು ಬೇಗ ವಿಧವೆಯಾಗುತ್ತಾಳೆಂಬ ಭಯ ಇನ್ನೂ ಹೋಗಿರದ ಕಾಲ ಅದು. ನಾಯಕಸಾನಿಯರ ಮನೆಯಲ್ಲಿ ಮಾತ್ರ ಕಾವ್ಯ, ಅಲಂಕಾರಶಾಸ್ತ್ರ, ಗಮಕ, ಜಾವಳಿ. ಆಸ್ತಿ ತಾಯಿಯಿಂದ ಮಗಳಿಗೆ. ಮನೆಯ ಯಜಮಾನಿಕೆ ಮುದುಕಿಯದು. ಒಟ್ಟಿನಲ್ಲಿ, ಕುಲಸ್ತ್ರೀಗೆ ಮಾನವಿತ್ತು, ವಿದ್ಯೆಯಿರಲಿಲ್ಲ. ಇವರಿಗೆ ವಿದ್ಯೆಯಿತ್ತು, ಮಾನವಿರಲಿಲ್ಲ. ನಾಗರತ್ನಮ್ಮನವರು ಎರಡೂ ತನಗೆ ಬೇಕೆಂದರು. ಅವರ ಜೀವನದ ಎಲ್ಲ ಜಗಳಗಳ ಬೇರೂ ಇಲ್ಲಿದೆಯೆಂದು ನನ್ನ ಭಾವನೆ.

ಬೆಂಗಳೂರಿನಲ್ಲಿ ಅವರಿಗೆ ಪೋಷಕರಾಗಿದ್ದವರು ಮೈಸೂರು ಸೀಮೆಯ ನ್ಯಾಯಾಧೀಶರಾಗಿದ್ದ ನರಹರಿರಾಯರು. ಹನುಮಂತನಗರದ ನರಹರಿರಾಯನ ಗುಡ್ಡವೆಂಬ ಹೆಸರಿನಲ್ಲಿ ಆ ಮಹನೀಯರು ಇನ್ನೂ ಉಳಿದಿದ್ದಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಾಗರತ್ನಮ್ಮನವರು ಮದರಾಸಿಗೆ ಹೋಗಿ ಜಾರ್ಜ್ ಟೌನಿನಲ್ಲಿ ಮನೆ ಮಾಡಿದರು. ಆಗಿನ ಮದರಾಸಿನ ಸಂಗೀತವೆಲ್ಲ ಆ ಇಕ್ಕಟ್ಟಾದ ಬೀದಿಗಳಲ್ಲಿತ್ತು. ವೀಣೆ ಧನಮ್ಮಾಳ್ ಅವರ ಮನೆಯೂ ಅಲ್ಲಿಯೇ. ಕೆಲವೇ ವರ್ಷಗಳಲ್ಲಿ ಸ್ವಂತ ಮನೆ, ಒಡವೆ, ಆದಾಯ ತೆರಿಗೆ ಕಟ್ಟುವಷ್ಟು ವರಮಾನ. ಹೆತ್ತ ಒಂದು ಹೆಣ್ಣು ಮಗು ಎಳೆಯದರಲ್ಲಿಯೇ ತೀರಿಕೊಂಡಿತು. ಕಛೇರಿಗಳಿಗೆ ಬಿಡುವಿರಲಿಲ್ಲ. ಇಲ್ಲಿಗೆ ನಿಲ್ಲಿಸಿದ್ದರೆ ಅವರು ಒಬ್ಬ ಸಿರಿವಂತ ಗಾಯಕಿಯಾಗಿ ಬಾಳಿ ಹೋಗುತ್ತಿದ್ದರು. ಇಂದು ನಾವು ಅವರನ್ನು ನೆನೆಯಲು ಹಳೆಯ ಗ್ರಾಮಫೋನು ತಟ್ಟೆಯನ್ನು ಹುಡುಕಬೇಕಾಗಿತ್ತು.

ಅವರನ್ನು ಮೊದಲು ಜಗಳಕ್ಕೆ ಎಳೆದದ್ದು ಒಂದು ಪುಸ್ತಕ.

ತಂಜಾವೂರಿನ ಕಾಲದ ತೆಲುಗು ಸಾಹಿತ್ಯವನ್ನು ಓದುತ್ತಿದ್ದಾಗ 'ರಾಧಿಕಾ ಸಾಂತ್ವನಮು' ಎಂಬ ಕಾವ್ಯದ ಹೆಸರು ಅವರ ಕಣ್ಣಿಗೆ ಬಿತ್ತು. ಬರೆದಾಕೆ ಮುದ್ದುಪಳನಿ, ತಂಜಾವೂರಿನ ಮರಾಠಾ ದೊರೆ ಪ್ರತಾಪಸಿಂಹನ ಆಸ್ಥಾನದ ಗಣಿಕೆ. ಪ್ರತಾಪಸಿಂಹನು ಆಳಿದ್ದು 1739ರಿಂದ 1763ರವರೆಗೆ. ರಾಧೆ ತಾನೇ ಸಾಕಿ ಬೆಳೆಸಿದ ಇಳಾದೇವಿಯನ್ನು ಕೃಷ್ಣನಿಗೆ ಮದುವೆ ಮಾಡಿಕೊಡುತ್ತಾಳೆ. ಇಬ್ಬರಿಗೂ ಬುದ್ಧಿ ಹೇಳುತ್ತಾಳೆ. ಅವರು ಸುಖವಾಗಿರುವುದನ್ನು ಕಂಡ ಮೇಲೆ ತಾನೇ ಅಸೂಯೆಯಿಂದ ಬೇಯುತ್ತಾಳೆ. ಕೊನೆಗೆ ಕೃಷ್ಣ ಬಂದು ಸಮಾಧಾನ ಮಾಡಬೇಕಾಗುತ್ತದೆ. ಐದುನೂರ ಎಂಬತ್ತನಾಲ್ಕು ಪದ್ಯಗಳ ಈ ಕಾವ್ಯದಲ್ಲಿ ಶೃಂಗಾರವೇನೋ ಧಾರಾಳವಾಗಿದೆ. ಸಂಸ್ಕೃತ, ತೆಲುಗು, ಕನ್ನಡಗಳ ಪುರುಷ ಕವಿಗಳು ಬರೆದುದಕ್ಕಿಂತ ಹೆಚ್ಚಾಗಿಲ್ಲ. ವ್ಯತ್ಯಾಸವೆಂದರೆ ಇಲ್ಲಿ ಬಯಸುವವಳು, ಕೇಳುವವಳು, ಮುನಿಯುವವಳು ಹೆಂಗಸು, ಬರೆದವಳೂ ಹೆಂಗಸು. ಇನ್ನೊಂದು ವಿಶೇಷವೂ ಉಂಟು. ಕವಿಗಳು ಪೀಠಿಕೆಯಲ್ಲಿ ತಂದೆ ತಾತಂದಿರನ್ನು ಹೊಗಳಿಕೊಳ್ಳುವಂತೆ ಮುದ್ದುಪಳನಿ ತನ್ನ ಅಜ್ಜಿ ತಂಜನಾಯಕಿಯನ್ನು ಹೊಗಳಿದ್ದಾಳೆ.

ಇಲ್ಲಿ ನಮ್ಮ ಸಂಚಿಯ ಹೊನ್ನಮ್ಮನ ನೆನಪು ಬರುವುದು ಸಹಜ. ಮುದ್ದುಪಳನಿಗಿಂತ ಒಂದೆರಡು ತಲೆಮಾರು ಹಿಂದಿನವಳು, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದವಳು. ಆಕೆ 'ಹದಿಬದೆಯ ಧರ್ಮ'ವನ್ನು ಬರೆದಳು. ನಾವು ತಲೆಯ ಮೇಲಿಟ್ಟುಕೊಂಡೆವು. ಇಬ್ಬರೂ ಅರಮನೆಯ ಆಶ್ರಯದ ಹೆಂಗಸರು, ಇಬ್ಬರೂ ಪ್ರತಿಭಾವಂತರು. ಒಬ್ಬಳು ಪತಿವ್ರತೆಯ ನಡತೆಯನ್ನು ಹಾಡಿದ್ದರಿಂದ ಪಾಠಪುಸ್ತಕ ಸೇರಿದಳು. ಇನ್ನೊಬ್ಬಳು ರಾಧೆಯ ಮುನಿಸನ್ನು ಹಾಡಿದ್ದರಿಂದ ಪೊಲೀಸರ ಕೈ ಸೇರಿದಳು.

ಅದು ಆದ ಬಗೆ ಹೀಗೆ. ಸಿ. ಪಿ. ಬ್ರೌನ್ ಸಾಹೇಬರ ಜೊತೆಯಲ್ಲಿ ಕೆಲಸ ಮಾಡಿದ ಪೈಡಿಪಾಟಿ ವೆಂಕಟನರಸು ಅವರು 1887ರಲ್ಲಿ ಈ ಕಾವ್ಯವನ್ನು ಒಮ್ಮೆ ಅಚ್ಚು ಮಾಡಿಸಿದ್ದರು. ಆದರೆ ಕವಯಿತ್ರಿ ತನ್ನ ಮನೆತನವನ್ನು ಹೇಳಿಕೊಂಡ ಭಾಗ ಅದರಲ್ಲಿ ಇರಲಿಲ್ಲ; ಪದ್ಯಗಳೂ ಅಲ್ಲಲ್ಲಿ ಬಿಟ್ಟುಹೋಗಿದ್ದವು. ನಾಗರತ್ನಮ್ಮನವರಿಗೆ ತೃಪ್ತಿಯಾಗಲಿಲ್ಲ. ಹುಡುಕಿಸಿ ಒಂದು ಹಸ್ತಪ್ರತಿಯನ್ನು ತರಿಸಿದರು. ಅಚ್ಚಿನ ಪ್ರತಿಯೊಡನೆ ಹೋಲಿಸಿದರು. ಬಿಟ್ಟದ್ದನ್ನೆಲ್ಲ ಸೇರಿಸಿ 1910ರಲ್ಲಿ ಮದರಾಸಿನ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಅವರ ಮೂಲಕ ಪ್ರಕಟಿಸಿದರು. ಗ್ರಂಥಸಂಪಾದನೆ ಎಂದು ಇಂದು ನಾವು ವಿಶ್ವವಿದ್ಯಾನಿಲಯಗಳಲ್ಲಿ ಕಲಿಸುವ ಕೆಲಸವನ್ನು ಕಛೇರಿ ಮಾಡಿ ಜೀವಿಸುವ ಒಬ್ಬ ಹೆಂಗಸು ಜಾರ್ಜ್ ಟೌನಿನ ಮನೆಯಲ್ಲಿ ಕುಳಿತು ಮಾಡಿದ್ದು.

ಆ ಪುಸ್ತಕಕ್ಕೆ ಬರೆದ ಪೀಠಿಕೆಯಲ್ಲಿ ಅವರು ಎರಡು ಕೆಲಸ ಮಾಡಿದರು. ರಸ ತುಂಬಿದ ಈ ಕಾವ್ಯವನ್ನು ಬರೆದವಳು ಹೆಂಗಸು, ಅದರಲ್ಲಿಯೂ ತಮ್ಮ ಕುಲದಲ್ಲಿಯೇ ಹುಟ್ಟಿದವಳು, ಆದ್ದರಿಂದ ಇದನ್ನು ಸರಿಯಾದ ರೂಪದಲ್ಲಿ ಹೊರತರುವುದು ತಮಗೆ ಅವಶ್ಯವೆಂದು ತೋರಿತು ಎಂದರು. ಅಂದರೆ, ಬೇರೆಯವರು ಮುಚ್ಚಿಟ್ಟುಕೊಳ್ಳುತ್ತಿದ್ದ ಕುಲವನ್ನು ಅವರು ಅಚ್ಚಿನಲ್ಲಿ ಹಾಕಿದರು. ಎರಡನೆಯದು, ಕಂದುಕೂರಿ ವೀರೇಶಲಿಂಗಂ ಪಂತುಲು ಅವರನ್ನು ಎದುರಿಸಿದ್ದು. ವೀರೇಶಲಿಂಗಂ ಸಾಮಾನ್ಯರಲ್ಲ. ಆಧುನಿಕ ತೆಲುಗು ಗದ್ಯಕ್ಕೆ ತಳಹದಿ ಹಾಕಿದವರು. 1881ರಲ್ಲಿ ರಾಜಮಹೇಂದ್ರಿಯಲ್ಲಿ ಊರಿಗೆ ಊರೇ ಎದುರು ನಿಂತಾಗ ವಿಧವಾ ವಿವಾಹ ಮಾಡಿಸಿದ ಧೀರರು. ಅವರು ತೆಲುಗು ಕವಿಗಳ ಚರಿತ್ರೆಯಲ್ಲಿ ಮುದ್ದುಪಳನಿಯ ಪಾಂಡಿತ್ಯವನ್ನು ಒಪ್ಪಿಕೊಂಡೂ, ಇದರಲ್ಲಿ ಹೆಂಗಸಿನ ಬಾಯಲ್ಲಿ ಬರಬಾರದ, ಹೆಂಗಸರ ಕಿವಿಗೂ ಬೀಳಬಾರದ ಮಾತುಗಳಿವೆಯೆಂದು ಜರೆದಿದ್ದರು. ನಾಗರತ್ನಮ್ಮನವರು ಕೇಳಿದ್ದು ಇಷ್ಟೆ: ನಾಚಿಕೆಯೆಂಬುದು ಹೆಂಗಸರಿಗೆ ಮಾತ್ರವೇ? ಪಂತುಲುಗಾರು ಸ್ವತಃ ಬರೆದ ಮತ್ತು ಮೆಚ್ಚಿದ ಕೃತಿಗಳಲ್ಲಿ ಇದಕ್ಕಿಂತ ಒರಟಾದ ವರ್ಣನೆಗಳಿಲ್ಲವೇ?

ಈ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ಉತ್ತರದ ಬದಲಿಗೆ ಪೊಲೀಸರು ಬಂದರು. 1911ರಲ್ಲಿ ಮದರಾಸಿನ ಪೊಲೀಸ್ ಕಮಿಷನರ್ ಕನ್ನಿಂಗ್‌ಹ್ಯಾಮ್ ಪ್ರತಿಗಳನ್ನು ವಶಪಡಿಸಿಕೊಂಡರು. ಸರ್ಕಾರದ ಭಾಷಾಂತರಕಾರ ಗೋಟೇಟಿ ಕನಕರಾಜು ಪಂತುಲು ಅವರು ಪದ್ಯಗಳನ್ನು ಅಶ್ಲೀಲವೆಂದು ಹೇಳಿದ್ದರು. ತೆಲುಗು ಒಂದಕ್ಷರ ಬಾರದ ದೊರೆಗಳು ತೆಲುಗು ಕಾವ್ಯದ ಔಚಿತ್ಯವನ್ನು ತೀರ್ಮಾನಿಸಿದರು. ಅವರಿಗೆ ದಾರಿ ತೋರಿಸಿದವರು ನಮ್ಮವರೇ. ವಾವಿಳ್ಳ ವೆಂಕಟೇಶ್ವರ ಶಾಸ್ತ್ರುಲು ಮತ್ತು ಅನೇಕ ವಿದ್ವಾಂಸರು ಸರ್ಕಾರಕ್ಕೆ ಮನವಿ ಕೊಟ್ಟರು. ಫಲವಾಗಲಿಲ್ಲ. 1927ರಲ್ಲಿ ಮತ್ತೆ ಅಂಗಡಿಯ ಮೇಲೆ ದಾಳಿಯಾಯಿತು. ನಿಷೇಧ ಹೋಗಲು ಇಂಗ್ಲಿಷರೇ ಹೋಗಬೇಕಾಗಿ ಬಂತೆನ್ನಬಹುದು: 1947ರಲ್ಲಿ ಮದರಾಸಿನ ಪ್ರಧಾನಿಯಾಗಿದ್ದ ಟಂಗುಟೂರಿ ಪ್ರಕಾಶಂ ಅವರು ಅದನ್ನು ತೆಗೆದುಹಾಕಿದರು. ಆ ವೇಳೆಗೆ ನಾಗರತ್ನಮ್ಮನವರಿಗೆ ಅರವತ್ತೆಂಟು ದಾಟಿತ್ತು. ಅವರ ಮನಸ್ಸು ಪುಸ್ತಕವನ್ನು ಬಿಟ್ಟು ಎಷ್ಟೋ ದೂರ ಹೋಗಿತ್ತು.

ಎಲ್ಲಿಗೆ ಹೋಗಿತ್ತೆಂದರೆ, ತಿರುವಯ್ಯಾರಿಗೆ. ತಂಜಾವೂರಿನಿಂದ ಮೂರು ಹರದಾರಿಯೊಳಗಿನ ಊರು. ತ್ಯಾಗರಾಜರು 1847ರ ಜನವರಿ 6ರಂದು, ಪುಷ್ಯ ಬಹುಳ ಪಂಚಮಿಯ ದಿನ, ಸನ್ಯಾಸ ಸ್ವೀಕರಿಸಿ ದೇಹ ಬಿಟ್ಟದ್ದು ಅಲ್ಲಿ. ಕಾವೇರಿಯ ದಡದಲ್ಲಿ ಬೃಂದಾವನ ಕಟ್ಟಿದರು. ಕಾಲಕ್ರಮದಲ್ಲಿ ಗಿಡಗಂಟಿ ಮುಚ್ಚಿಕೊಂಡಿತು. 1903ರಲ್ಲಿ ಶಿಷ್ಯಪರಂಪರೆಯ ಉಮಯಾಳ್‌ಪುರದ ಕೃಷ್ಣ ಭಾಗವತರು, ಸುಂದರ ಭಾಗವತರು ಜಾಗವನ್ನು ಗುರುತಿಸಿ ಸರಿಪಡಿಸಿದರು. ಅನಂತರ ವರ್ಷ ವರ್ಷ ಆರಾಧನೆ ನಡೆಯತೊಡಗಿತು. ನಮ್ಮವರ ಸಂಪ್ರದಾಯದಂತೆ ಆರಾಧನೆಯ ಜೊತೆಗೇ ಪಕ್ಷಗಳೂ ಹುಟ್ಟಿದವು. ಪೆರಿಯ ಕಚ್ಚಿ, ಚಿನ್ನ ಕಚ್ಚಿ, ಅಂದರೆ ದೊಡ್ಡ ಪಕ್ಷ, ಚಿಕ್ಕ ಪಕ್ಷ. ತ್ಯಾಗರಾಜರ ಹೆಸರಿನಲ್ಲಿ ಎರಡು ಕಡೆ ಒಲೆ, ಎರಡು ಕಡೆ ಊಟ, ಎರಡು ಕಡೆ ಹಾಡು. ಸಮಾಧಿಗೆ ಮಾತ್ರ ಸೂರಿಲ್ಲ.

ಮೈಸೂರಿನ ಬಿಡಾರಂ ಕೃಷ್ಣಪ್ಪನವರು ಆ ಸ್ಥಿತಿಯನ್ನು ಕಣ್ಣಾರೆ ಕಂಡು ನೊಂದು ನಾಗರತ್ನಮ್ಮನವರಿಗೆ ಕಾಗದ ಬರೆದರು. ಕೃಷ್ಣಪ್ಪನವರು ರಾಮಭಕ್ತರು, ತಾವೇ ಮೈಸೂರಿನಲ್ಲಿ ರಾಮಮಂದಿರ ಕಟ್ಟಿಸಿದವರು. ನಾಗರತ್ನಮ್ಮನವರು ಅವರನ್ನು ಗುರುವೆಂದು ಭಾವಿಸಿದ್ದರು. ಅಷ್ಟು ವಿದ್ವಾಂಸರು, ಅಷ್ಟು ಜಮೀನುದಾರರು, ಅಷ್ಟು ವಕೀಲರು ತಂಜಾವೂರು ಸೀಮೆಯಲ್ಲಿರುವಾಗ ಕನ್ನಡನಾಡಿನ ವಿದ್ವಾಂಸರೊಬ್ಬರು ಕನ್ನಡನಾಡಿನಲ್ಲಿ ಹುಟ್ಟಿದ ಹೆಂಗಸಿಗೆ ಬರೆದ ಆ ಪತ್ರ ಕೆಲಸ ಮಾಡಿತೆಂಬುದು ನಮಗೆ ಸ್ವಲ್ಪ ಹೆಮ್ಮೆಯ ವಿಷಯವಾದರೆ ತಪ್ಪಿಲ್ಲವೆಂದುಕೊಳ್ಳುತ್ತೇನೆ. ನಂಜನಗೂಡಿನ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ ಅದೇ ತಿರುವಯ್ಯಾರಿಗೇ ಹರಿದು ಹೋಗುತ್ತಾಳೆ.

ನಾಗರತ್ನಮ್ಮನವರು ಹೋಗಿ ನೋಡಿದರು. ಅಳುತ್ತ ಕೂರಲಿಲ್ಲ, ಜಾಗ ಯಾರ ಸ್ವತ್ತು ಎಂದು ಮೊದಲು ವಿಚಾರಿಸಿದರು. ಈ ಗುಣವನ್ನು ನಾನು ಬಹಳವಾಗಿ ಮೆಚ್ಚುತ್ತೇನೆ. ಭಕ್ತರು ಸಾಮಾನ್ಯವಾಗಿ ಮಂಟಪ ಮೊದಲು ಕಟ್ಟಿ ಆಮೇಲೆ ಕೋರ್ಟಿಗೆ ಹೋಗುತ್ತಾರೆ. ಇವರು ನೆಲವನ್ನು ನ್ಯಾಯವಾಗಿ ಪಡೆದುಕೊಂಡು, ಕಾಗದಪತ್ರವನ್ನು ಭದ್ರಮಾಡಿಕೊಂಡು, 1921ರಲ್ಲಿ ಅಸ್ತಿಭಾರ ಹಾಕಿದರು. ಒಡವೆ, ಉಳಿತಾಯ, ಕಛೇರಿಯ ಸಂಭಾವನೆ ಎಲ್ಲವೂ ಕಲ್ಲುಗಾರೆಗೆ ಹೋಯಿತು. 1925ರ ಜನವರಿಯಲ್ಲಿ ಕುಂಭಾಭಿಷೇಕವಾಯಿತು. ತ್ಯಾಗರಾಜರ ವಿಗ್ರಹ ಪ್ರತಿಷ್ಠೆಯಾಯಿತು, ನಿತ್ಯಪೂಜೆಗೆ ಏರ್ಪಾಡಾಯಿತು. ಸಂಸ್ಕೃತದಲ್ಲಿ ತ್ಯಾಗರಾಜರ ಅಷ್ಟೋತ್ತರವನ್ನೂ ತಾವೇ ರಚಿಸಿದರು.

ಎರಡು ಪಕ್ಷದವರೂ ಬಂದು ಆ ಹೊಸ ಗುಡಿಯ ಮುಂದೆ ಹಾಡಿದರು. ಕಟ್ಟಿಸಿದ ಯಜಮಾನಿಗೆ ಹಾಡಲು ಅವಕಾಶವಿರಲಿಲ್ಲ.

ಹೆಂಗಸರು ಹಾಡಬಾರದೆಂಬುದು ನಿಯಮ. ಇದರ ಒಳಗನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇಪ್ಪತ್ತರ ದಶಕದಲ್ಲಿ ಗೃಹಸ್ಥರ ಮನೆಯ ಹೆಂಗಸರು ಸಭೆಯಲ್ಲಿ ಹಾಡುತ್ತಲೇ ಇರಲಿಲ್ಲ. ಆದ್ದರಿಂದ 'ಹೆಂಗಸರು' ಎಂಬ ಮಾತಿಗೆ ಅಲ್ಲಿ ಇದ್ದ ಅರ್ಥ ಒಂದೇ. ದೇವದಾಸಿಯ ಹಣದಿಂದ ಕಟ್ಟಿದ ಗೋಡೆಗೆ ಮೈಲಿಗೆಯಿಲ್ಲ, ಅವಳ ಧ್ವನಿಗೆ ಮೈಲಿಗೆ. ನಾಗರತ್ನಮ್ಮನವರು ಗುಡಿಯ ಬಾಗಿಲಿಗೆ ಬೀಗ ಹಾಕಬಹುದಾಗಿತ್ತು. ನೆಲದ ಪತ್ರ ಅವರ ಪೆಟ್ಟಿಗೆಯಲ್ಲಿತ್ತು. ಹಾಗೆ ಮಾಡಲಿಲ್ಲ. ಸಮಾಧಿಯ ಹಿಂಭಾಗದಲ್ಲಿ ತಾವು ಮತ್ತು ತಮ್ಮಂಥ ಹೆಂಗಸರು ಸೇರಿ ಬೇರೆಯಾಗಿ ಆರಾಧನೆ ಮಾಡತೊಡಗಿದರು; ತಾವೇ ಹರಿಕಥೆ ಮಾಡಿದರು. ಜನ ಅದಕ್ಕೆ 'ಪೊಂಬಳೈ ಕಚ್ಚಿ', ಹೆಂಗಸರ ಪಕ್ಷ, ಎಂದು ಹೆಸರಿಟ್ಟರು. ಎರಡು ಪಕ್ಷ ಮೂರಾಯಿತು. ವರ್ಷಗಟ್ಟಲೆ ಹೀಗೆಯೇ ನಡೆಯಿತು: ಮುಂದೆ ಗಂಡಸರು, ಹಿಂದೆ ಹೆಂಗಸರು, ನಡುವೆ ಮೌನವಾಗಿ ತ್ಯಾಗರಾಜರು.

1940ರಲ್ಲಿ, ಐ. ಸಿ. ಎಸ್. ಅಧಿಕಾರಿ ಎಸ್. ವೈ. ಕೃಷ್ಣಸ್ವಾಮಿಯವರ ಪ್ರಯತ್ನದಿಂದ ಪಕ್ಷಗಳು ಒಂದಾಗಿ ತ್ಯಾಗಬ್ರಹ್ಮ ಮಹೋತ್ಸವ ಸಭೆ ಏರ್ಪಟ್ಟಿತು; 1941ರಿಂದ ಹೆಂಗಸರೂ ಮುಂದೆ ಬಂದು ಹಾಡಿದರು. ಇದು ನಾಗರತ್ನಮ್ಮನವರ ಗೆಲುವೆಂದು ಎಲ್ಲರೂ ಬರೆಯುತ್ತಾರೆ. ನಾನೂ ಒಪ್ಪುತ್ತೇನೆ. ಆದರೆ ಇನ್ನೊಂದು ಕಾರಣವನ್ನು ಮರೆಯುವುದು ಚರಿತ್ರೆಗೆ ನ್ಯಾಯವಲ್ಲ. ಮೂವತ್ತರ ದಶಕದಲ್ಲಿ ಡಿ. ಕೆ. ಪಟ್ಟಮ್ಮಾಳ್ ಅವರಂಥ ಬ್ರಾಹ್ಮಣರ ಮನೆಯ ಹುಡುಗಿಯರು ಸಭೆಯ ವೇದಿಕೆಯನ್ನು ಹತ್ತಿದ್ದರು. 'ಹೆಂಗಸು' ಎಂಬ ಮಾತಿನ ಅರ್ಥವೇ ಆ ಹತ್ತು ವರ್ಷಗಳಲ್ಲಿ ಬದಲಾಗಿತ್ತು. ದೇವದಾಸಿಯರು ಹದಿನೈದು ವರ್ಷ ತಟ್ಟಿದ ಬಾಗಿಲು ತೆರೆದದ್ದು, ಬೇರೆಯವರೂ ಬಂದು ಅವರ ಪಕ್ಕದಲ್ಲಿ ನಿಂತಮೇಲೆ.

ನಾನು ತಿರುವಯ್ಯಾರಿಗೆ ಹೋದದ್ದು ಆರಾಧನೆಯ ಗದ್ದಲವಿಲ್ಲದ ಒಂದು ಮಧ್ಯಾಹ್ನ. ನದಿಯಲ್ಲಿ ನೀರಿಗಿಂತ ಮರಳೇ ಹೆಚ್ಚಾಗಿತ್ತು. ಹೆಂಗಸೊಬ್ಬರು ನೆಲದ ಮೇಲೆ ಕುಳಿತು ತಮ್ಮಷ್ಟಕ್ಕೆ ತಾವೇ ಒಂದು ಕೃತಿಯನ್ನು ಗುನುಗುತ್ತಿದ್ದರು. ಯಾರೂ ಬೇಡವೆನ್ನಲಿಲ್ಲ, ಯಾರೂ ತಿರುಗಿ ನೋಡಲೂ ಇಲ್ಲ. ಇಷ್ಟು ಸಾಮಾನ್ಯವಾಗಿಹೋದ ವಿಷಯಕ್ಕಾಗಿ ಅಷ್ಟು ವರ್ಷ ಬೇಕಾಯಿತೇ ಎಂದು ನನಗೆ ಆಶ್ಚರ್ಯವಾಯಿತು. ಇಂದು ಬಹುಳ ಪಂಚಮಿಯ ದಿನ ಪಂಚರತ್ನ ಕೃತಿಗಳನ್ನು ಹಾಡಲು ಅಲ್ಲಿ ಕೂರುವ ಗೋಷ್ಠಿಯಲ್ಲಿ ಹೆಂಗಸರ ಸಾಲುಗಳು ಉದ್ದಕ್ಕೂ ಇರುತ್ತವೆ.

ಇನ್ನು ಒಂದು ಮಾತು ಉಳಿದಿದೆ. ಅದನ್ನು ಬಿಟ್ಟುಬಿಟ್ಟರೆ ಲೇಖನ ಚೊಕ್ಕವಾಗುತ್ತದೆ, ಆದರೆ ಪ್ರಾಮಾಣಿಕವಾಗುವುದಿಲ್ಲ.

ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ಮೈಸೂರು ಸರ್ಕಾರ 1909ರಲ್ಲಿಯೇ ನಿಲ್ಲಿಸಿತು. ಮದರಾಸಿನಲ್ಲಿ ಅದೇ ಉದ್ದೇಶಕ್ಕೆ 1927ರಲ್ಲಿ ಶಾಸನಸಭೆಯಲ್ಲಿ ದನಿ ಎತ್ತಿದವರು ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು. ದೇವದಾಸಿಯರ ಕಡೆಯಿಂದ ಅದನ್ನು ವಿರೋಧಿಸಿ ಸಂಘ ಕಟ್ಟಿದವರಲ್ಲಿ, ಮನವಿ ಕೊಟ್ಟವರಲ್ಲಿ, ನಾಗರತ್ನಮ್ಮನವರು ಮುಖ್ಯರು. ನಮ್ಮನ್ನು ಸೂಳೆಯರೊಡನೆ ಒಂದೇ ಹಗ್ಗದಲ್ಲಿ ಕಟ್ಟಬೇಡಿ; ನಮಗೆ ವಿದ್ಯೆ ಕೊಡಿ, ಕಲೆ ಉಳಿಸಿಕೊಳ್ಳಲು ಬಿಡಿ ಎಂಬುದು ಅವರ ವಾದದ ಸಾರ. ವಿಚಿತ್ರವೆಂದರೆ ಮುತ್ತುಲಕ್ಷ್ಮಿಯವರ ತಾಯಿಯೂ ಅದೇ ಕುಲದಲ್ಲಿ ಹುಟ್ಟಿದವರು. ಅವರ ತಂದೆಯೂ ಮೇಲುಜಾತಿಯ ವಿದ್ಯಾವಂತರು. ವ್ಯತ್ಯಾಸವೆಂದರೆ ಆ ತಂದೆ ಕೈಬಿಡಲಿಲ್ಲ, ಮಗಳನ್ನು ಓದಿಸಿದರು, ಅವರು ವೈದ್ಯರಾದರು. ಒಂದೇ ಬಗೆಯ ಮನೆಯಿಂದ ಬಂದ ಇಬ್ಬರು ಅಸಾಧಾರಣ ಹೆಂಗಸರು ಎದುರುಬದುರಾಗಿ ನಿಂತರು. ತಮಿಳಿನಲ್ಲಿ ಮೂವಲೂರು ರಾಮಾಮಿರ್ದಂ ಅಮ್ಮೈಯಾರ್ ಎಂಬಾಕೆ, ಆ ಪದ್ಧತಿಯೊಳಗೇ ಬೆಳೆದವರು, 1936ರಲ್ಲಿ ಅದರ ವಿರುದ್ಧ ಒಂದು ಕಾದಂಬರಿಯನ್ನೇ ಬರೆದರು.

ಯಾರು ಸರಿ? ಎಂ. ಕೆ. ಇಂದಿರಾ ಅವರ 'ಗೆಜ್ಜೆಪೂಜೆ'ಯನ್ನು ಓದಿದ, ಇಲ್ಲವೇ ಚಲನಚಿತ್ರವನ್ನು ನೋಡಿ ಕಣ್ಣೊರಸಿಕೊಂಡ ಕನ್ನಡಿಗರಿಗೆ ಉತ್ತರ ಹೇಳಲು ಕಷ್ಟವಿಲ್ಲ. ಒಲ್ಲೆನೆಂದು ಹೇಳುವ ವಯಸ್ಸು ಬರುವ ಮೊದಲೇ ಕಾಲಿಗೆ ಗೆಜ್ಜೆ ಕಟ್ಟಿದ ಹುಡುಗಿಯರ ಪಾಲಿಗೆ ಆ ಪದ್ಧತಿ ಸೆರೆಮನೆ. ಒಬ್ಬ ನಾಗರತ್ನಮ್ಮನವರ ಹಿಂದೆ ಹೆಸರಿಲ್ಲದೆ ಸವೆದ ಹೆಂಗಸರು ಸಾವಿರಾರು ಮಂದಿ. ಮುತ್ತುಲಕ್ಷ್ಮಿಯವರು ಕಂಡದ್ದು ಆ ಸಾವಿರಾರು ಮಂದಿಯನ್ನು. 1947ರಲ್ಲಿ ಮದರಾಸಿನಲ್ಲಿ ಕಾನೂನು ಬಂದದ್ದು ನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೂ ನಾಗರತ್ನಮ್ಮನವರು ಸ್ವಾರ್ಥಕ್ಕಾಗಿ ವಾದಿಸಿದರೆಂದು ನನಗೆ ಅನ್ನಿಸುವುದಿಲ್ಲ. ಅವರಿಗೆ ಗೊತ್ತಿದ್ದ ಪ್ರಪಂಚದಲ್ಲಿ ಹೆಂಗಸೊಬ್ಬಳು ಕಾವ್ಯ ಓದಲು, ಸ್ವತ್ತು ಹೊಂದಲು, ತನ್ನ ಹೆಸರಿನಲ್ಲಿ ರುಜು ಹಾಕಲು ಇದ್ದ ದಾರಿ ಅದೊಂದೇ. ಹೊಸ ದಾರಿಯನ್ನು ತೋರಿಸದೆ ಹಳೆಯದನ್ನು ಮುಚ್ಚುತ್ತೀರಲ್ಲ ಎಂದು ಅವರು ಕೇಳಿದರು. ಕಾನೂನು ಬಂದಮೇಲೆ ಗುಡಿಯ ಮಾನ್ಯಗಳ, ಕಲೆಯ, ಆ ಮನೆಗಳ ಮುದುಕಿಯರ ಗತಿ ಏನಾಯಿತೆಂಬುದನ್ನು ನೋಡಿದರೆ ಆ ಪ್ರಶ್ನೆ ಪೂರ್ತಿ ತಪ್ಪಾಗಿರಲಿಲ್ಲ. ಅವರು ಕುಣಿಯುತ್ತಿದ್ದ ಕುಣಿತವನ್ನು ಕೆಲವೇ ವರ್ಷಗಳಲ್ಲಿ ಭರತನಾಟ್ಯವೆಂಬ ಹೆಸರಿನಲ್ಲಿ ಗೃಹಸ್ಥರ ಮಕ್ಕಳು ಹೆಮ್ಮೆಯಿಂದ ಕಲಿಯತೊಡಗಿದರು.

ಕೊನೆಯ ವರ್ಷಗಳನ್ನು ನಾಗರತ್ನಮ್ಮನವರು ತಿರುವಯ್ಯಾರಿನಲ್ಲಿಯೇ ಕಳೆದರು. ವಿದ್ಯಾಸುಂದರಿ, ಗಾನಕಲಾ ವಿಶಾರದೆ, ತ್ಯಾಗಸೇವಾಸಕ್ತೆ ಎಂದು ಬಿರುದುಗಳಿದ್ದವು. ಮನೆಯಲ್ಲಿ ಉಳಿದದ್ದು ಕಡಮೆ. 1949ರಲ್ಲಿ ಮರಣಶಾಸನ ಬರೆಸಿದರು. ಇದ್ದ ಸ್ವತ್ತೆಲ್ಲ ಸಮಾಧಿಯ ಪೂಜೆಗೆ, ಆರಾಧನೆಗೆ. ಜೊತೆಗೆ ಒಂದು ಷರತ್ತು: ಆರಾಧನೆಯಲ್ಲಿ ಹೆಂಗಸರಿಗೆ, ದೇವದಾಸಿಯರಿಗೂ ಸೇರಿ, ಹಾಡಲು ಅವಕಾಶವಿರಬೇಕು. ಆ ಪದ್ಧತಿ ಕಾನೂನಿನಲ್ಲಿ ಇಲ್ಲವಾಗಿ ಎರಡು ವರ್ಷವಾಗಿತ್ತು. ಹೆಂಗಸರು ಹಾಡತೊಡಗಿ ಎಂಟು ವರ್ಷವಾಗಿತ್ತು. ಆದರೂ ಅವರು ಬಾಯಿಮಾತನ್ನು ನಂಬಲಿಲ್ಲ, ಆ ಹೆಸರನ್ನೂ ಬಿಡಲಿಲ್ಲ. ಎರಡನ್ನೂ ಕಾಗದಕ್ಕೆ ಇಳಿಸಿ ರುಜು ಹಾಕಿದರು.

1952ರ ಮೇ 19ರಂದು ತೀರಿಕೊಂಡರು. ತ್ಯಾಗರಾಜರ ಸಮಾಧಿಯ ಹತ್ತಿರದಲ್ಲಿಯೇ ಅವರ ಸಮಾಧಿಯಾಯಿತು. ಅಲ್ಲಿರುವ ಅವರ ಪ್ರತಿಮೆ ಅತ್ತಲೇ ನೋಡುತ್ತಿದೆ. ಅದೇ ವರ್ಷ ಮದರಾಸಿನಲ್ಲಿ ವಾವಿಳ್ಳ ಮುದ್ರಣಾಲಯದವರು 'ರಾಧಿಕಾ ಸಾಂತ್ವನಮು'ವನ್ನು ಮತ್ತೆ ಅಚ್ಚು ಹಾಕಿದರು.